ಹುಡ್ ಉಲ್ಟಾ ಹಾಕಿಕೊಂಡು ತಿರುಗುವವರಿಗೆ

ಫೋಟೋ ಹುಚ್ಚಿನ ಗೆಳೆಯರ ಗುಂಪೊಂದರಲ್ಲಿ ಮಾತಾಡಿದ್ದನ್ನು ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನೆಲ್ಲ ಇಲ್ಲಿ ಮಾತಲ್ಲೇ ಹೇಳಬೇಕಾಯಿತು. ಅದಕ್ಕೇ ಅಲ್ಲಲ್ಲಿ ಉದ್ದ ಆಗಿದೆ, ಸಹಿಸಿಕೊಳ್ಳಿ.

ಮೊದಲು ಎಲ್ಲರೂ ನಿಮ್ಮ ನಿಮ್ಮ ಕ್ಯಾಮೆರಾ ಮೇಲೆತ್ತಿ. ಹಾಂ, ಹಾಗೇ ಹಿಡಿದುಕೊಳ್ಳಿ. ಈಗ ಪಕ್ಕದವರ ಲೆನ್ಸ್ ನೋಡಿ. ತುದಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಬಳೆಯಂಥದ್ದು ಇದೆಯಲ್ಲ, ಪಕ್ಕದಿಂದ ಬರುವ ಬೇಡದ ಬೆಳಕಿಗೆ ಅಡ್ಡ ನಿಲ್ಲುವುದು, ಅದೇ ಹುಡ್. ಅದು ಮುಂದಕ್ಕೆ ಚಾಚಿಕೊಂಡಿದೆಯೋ, ಇಲ್ಲ ಹಿಂದಕ್ಕೆ ಮಗುಚಿಕೊಂಡು ಲೆನ್ಸನ್ನೇ ಅಪ್ಪಿಕೊಂಡಿದೆಯೋ? ನಗುತ್ತಿದ್ದೀರಿ ಅಂದರೆ ಉತ್ತರ ಸಿಕ್ಕಿತು. ನಾನು ಇಲ್ಲಿಂದ ನೋಡಿದ ಹಾಗೆ ಅರ್ಧಕ್ಕಿಂತ ಜಾಸ್ತಿ ಜನರದ್ದು ಉಲ್ಟಾ. ಇಬ್ಬರದ್ದು ಇಲ್ಲವೇ ಇಲ್ಲ. ಬಾಕ್ಸಿನಲ್ಲೇ ಇದೆ ಅಂತ ಒಬ್ಬರು ಹೇಳುತ್ತಿದ್ದಾರೆ, ಬಿಡಿ, ಇಲ್ಲಿರುವ ಹುಡ್‌ಗಳಲ್ಲೆಲ್ಲ ಅವರದೇ ಹೊಸದಾಗಿ ಹೊಳೆಯುತ್ತಿರುತ್ತದೆ.

ಉಲ್ಟಾ ಹಾಕಿದ ಹುಡ್ ಅಂದರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡ ಕೊಡೆ. ಮಳೆ ಸುರಿಯುತ್ತಿದೆ, ಕೊಡೆ ಜೊತೆಗೇ ಇದೆ, ಆದರೂ ನೆನೆಯುತ್ತಾ ಹೋಗುತ್ತಿದ್ದೇವೆ. ಉಲ್ಟಾ ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಬ್ಯಾಗಿನಲ್ಲಿ ಒಯ್ಯಲಿ ಅಂತ ಮಾಡಿಕೊಟ್ಟ ಅನುಕೂಲ. ಹೊರಗೆ ತೆಗೆದ ಮೇಲೆ ತಿರುಗಿಸಿ ಹಾಕಬೇಕು, ಅಷ್ಟೇ. ಈ ‘ಅಷ್ಟೇ’ ಅನ್ನುವುದು ಯಾಕೆ ಆಗುವುದಿಲ್ಲ, ಇವತ್ತಿನ ನನ್ನ ಮಾತು ಹೆಚ್ಚುಕಡಿಮೆ ಅದರ ಬಗ್ಗೆಯೇ.

ಬೇರೆಯವರನ್ನು ಯಾಕೆ ಅನ್ನಲಿ, ನಾನೇ ಸುಮಾರು ಎರಡು ವರ್ಷ ಹೀಗೇ ತಿರುಗಿದವನು. ಲೆನ್ಸ್ ಕೊಂಡಾಗ ಹುಡ್ ಉಲ್ಟಾ ಸಿಕ್ಕಿಸಿ ಕೊಟ್ಟಿದ್ದರು. ಅದು ಇರುವುದೇ ಹಾಗೆ ಅಂದುಕೊಂಡು ಮುಟ್ಟಲೇ ಇಲ್ಲ. ಒಂದು ಸಂಜೆ ಕೆರೆ ದಂಡೆಯಲ್ಲಿ ಕೂತು ಹಕ್ಕಿ ಫೋಟೋ ತೆಗೆಯುತ್ತಿದ್ದೆ. ಸೂರ್ಯ ಎಡಗಡೆ, ಫ್ರೇಮಿನಿಂದ ಸ್ವಲ್ಪವೇ ಆಚೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಪ್ರತಿಯೊಂದು ಫೋಟೋದ ಮೇಲೂ ಸುಣ್ಣದ ತಿಳಿನೀರು ಬಳಿದ ಹಾಗೆ ಒಂದು ಬಿಳಿ ಪರದೆ. ನೀರುಕಾಗೆಯ ಕಪ್ಪು ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಲೆನ್ಸಿನೊಳಗೆ ಫಂಗಸ್ ಬಂದಿದೆ ಅಂತ ನಾನೇ ತೀರ್ಮಾನ ಮಾಡಿ ರಿಪೇರಿಗೆ ಒಯ್ದೆ. ಅಲ್ಲಿದ್ದ ಹಿರಿಯರು ಲೆನ್ಸನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಆ ಕಡೆಯಿಂದ ಒಂದು ಸಲ ಈ ಕಡೆಯಿಂದ ಒಂದು ಸಲ ನೋಡಿದರು. ನನ್ನ ಫೋಟೋಗಳನ್ನೂ ನೋಡಿದರು. ಆಮೇಲೆ ಮೆಲ್ಲಗೆ ಹುಡ್ ತಿರುಗಿಸಿ ಕಳಚಿ, ಮಗುಚಿ, ಮುಂದಕ್ಕೆ ಸಿಕ್ಕಿಸಿದರು. ಟಕ್ ಅಂತ ಸದ್ದಾಯಿತು. “ರಿಪೇರಿ ಆಯ್ತು, ತಗೊಳ್ಳಿ ಸಾರ್” ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ ನನಗೆ.

ಹಾಗಾದರೆ ಆ ಪರದೆ ಎಲ್ಲಿಂದ ಬಂತು?

ಲೆನ್ಸ್ ಅಂದರೆ ಒಂದು ಗಾಜಲ್ಲ, ಗಾಜುಗಳ ಸಾಲು. ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗ, ಮತ್ತೆ ಗಾಜಿನಿಂದ ಗಾಳಿಗೆ ಬರುವಾಗ, ಪ್ರತಿ ಸಲವೂ ಸುಮಾರು ಶೇಕಡಾ 4ರಷ್ಟು ವಾಪಸ್ ಪುಟಿಯುತ್ತದೆ. ಇದು ಏನೂ ಬಳಿಯದ ಬರೀ ಗಾಜಿನ ಲೆಕ್ಕ. ರಾತ್ರಿ ಕಿಟಕಿ ಗಾಜಿನಲ್ಲಿ ನಮ್ಮ ಮುಖವೇ ನಮಗೆ ಕಾಣುತ್ತದಲ್ಲ, ಅದು ಇದೇ ಪುಟಿದ ಬೆಳಕು. ಈಗ 15 ಗಾಜು ಇರುವ ಒಂದು ಝೂಮ್ ಲೆನ್ಸ್ ತೆಗೆದುಕೊಳ್ಳಿ. ಯಾವುದನ್ನೂ ಒಂದಕ್ಕೊಂದು ಅಂಟಿಸಿಲ್ಲ ಅಂದುಕೊಂಡರೆ ಗಾಳಿಗೆ ತೆರೆದ ಮೈ 30. ಬರೀ ಗಾಜೇ ಆಗಿದ್ದರೆ ಒಳಗೆ ಹೋದ ಬೆಳಕಿನಲ್ಲಿ ನೂರಕ್ಕೆ 30 ಪಾಲು ಕೂಡ ನೆಟ್ಟಗೆ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ, ತಲುಪುವುದಿಲ್ಲ. ಉಳಿದದ್ದರಲ್ಲಿ ಒಂದಷ್ಟು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಇನ್ನೊಂದಷ್ಟು ಒಳಗೇ ಚೆಂಡಿನ ಹಾಗೆ ಪುಟಿದು ಪುಟಿದು, ತಾನು ಬೀಳಬೇಕಾದ ಜಾಗ ಬಿಟ್ಟು ಇನ್ನೆಲ್ಲೋ ಬೀಳುತ್ತದೆ.

ಇದಕ್ಕೆ ಮದ್ದು ಕೋಟಿಂಗ್. ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ ಅನ್ನುವವರು 1935ರಲ್ಲಿ ಗಾಜಿನ ಮೇಲೆ ತೀರಾ ತೆಳ್ಳಗಿನ ಪದರ ಕೂರಿಸಿ ಈ ಪುಟಿತ ಕಡಿಮೆ ಮಾಡುವ ವಿಧಾನ ಕಂಡುಕೊಂಡರು. ಮೊದಮೊದಲು ಅದು ಮಿಲಿಟರಿಯವರ ಗುಟ್ಟಾಗಿತ್ತು. ಅದಕ್ಕೂ ಮುಂಚಿನವರು ಏನು ಮಾಡುತ್ತಿದ್ದರು ಅಂದರೆ, ಗಾಜೇ ಕಡಿಮೆ ಹಾಕುತ್ತಿದ್ದರು. 1902ರ ಟೆಸ್ಸಾರ್ ಲೆನ್ಸಿನಲ್ಲಿ ಗಾಜು ನಾಲ್ಕು, ಅದರಲ್ಲಿ ಎರಡನ್ನು ಅಂಟಿಸಿದ್ದರಿಂದ ತೆರೆದ ಮೈ ಆರೇ ಆರು. ಪುಟಿಯಲಿಕ್ಕೆ ಜಾಗವೇ ಕಡಿಮೆ. ಹಳಬರು ‘ಸೂರ್ಯನಿಗೆ ಬೆನ್ನು ಹಾಕಿ ನಿಂತು ತೆಗಿ’ ಅಂತ ಹೇಳಿಕೊಡುತ್ತಿದ್ದುದಕ್ಕೂ ಇದು ಒಂದು ಕಾರಣ.

ಇವತ್ತಿನ ಒಳ್ಳೆಯ ಮಲ್ಟಿಕೋಟಿಂಗ್, ಅಂದರೆ ಹಲವು ಪದರದ ಕೋಟಿಂಗ್ ಇದ್ದರೆ ಒಂದು ಮೈಯಿಂದ ಪುಟಿಯುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಮತ್ತೆ ಹುಡ್ ಯಾಕೆ ಅಂತ ಕೇಳುತ್ತೀರಿ. ಲೆಕ್ಕ ಹಾಕಿ ನೋಡೋಣ. ಫೋಟೋದಲ್ಲಿ ಹಸಿರೋ ನೇರಳೆಯೋ ಬಣ್ಣದ ಬೊಟ್ಟು ಸಾಲಾಗಿ ಬೀಳುತ್ತವಲ್ಲ, ಅವಕ್ಕೆ ಘೋಸ್ಟ್ ಅನ್ನುತ್ತಾರೆ. ಒಂದು ಘೋಸ್ಟ್ ಹುಟ್ಟಲು ಬೆಳಕು ಎರಡು ಸಲ ಪುಟಿಯಬೇಕು, ಒಂದು ಸಲ ಹಿಂದಕ್ಕೆ, ಇನ್ನೊಂದು ಸಲ ಮತ್ತೆ ಮುಂದಕ್ಕೆ. 30 ಮೈ ಇದ್ದರೆ ಹೀಗೆ ಎರಡೆರಡು ಜೋಡಿ ಕಟ್ಟುವ ದಾರಿ 435. ಒಂದೊಂದೂ ತೀರಾ ಮಂಕು, ಲಕ್ಷಕ್ಕೆ ಎರಡು ಮೂರು ಪಾಲು ಬೆಳಕು. ಆದರೆ ಆ ಕಡೆ ಇರುವವನು ಸೂರ್ಯ, ಅವನ ಬೆಳಕಿನಲ್ಲಿ ಲಕ್ಷಕ್ಕೆ ಎರಡು ಪಾಲು ಅಂದರೂ ನೆರಳಲ್ಲಿ ಕೂತ ಕಪ್ಪು ಹಕ್ಕಿಯ ಮೈಯನ್ನು ಬೂದಿ ಮಾಡಲಿಕ್ಕೆ ಸಾಕು. ಕೋಟಿಂಗ್ ಏನಿದ್ದರೂ ಒಳಗೆ ಬಂದ ಮೇಲಿನ ಮಾತು. ಹುಡ್ ಹೊಸ್ತಿಲಲ್ಲೇ ತಡೆಯುತ್ತದೆ.

ದೀಪ ಆರಿಸಿ ಒಮ್ಮೆ. (ಆರಿಸಿದರು.) ಈಗ ಈ ಲೆನ್ಸಿಗೆ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡುತ್ತೇನೆ. ಮುಂದಿನ ಗಾಜು ನೋಡಿ, ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು ಅಲ್ವಾ? ಅದರ ಮೇಲಿನ ದೂಳಿನ ಕಣ, ನನ್ನ ಬೆರಳಚ್ಚು, ಒರೆಸಿದ ಗೆರೆ, ಎಲ್ಲ ಒಂದೊಂದಾಗಿ ಎದ್ದು ಕಾಣುತ್ತಿದೆ. ಒಳಗಡೆ ಇನ್ನೂ ನಾಲ್ಕೈದು ಟಾರ್ಚ್ ಉರಿಯುತ್ತಿರುವ ಹಾಗಿದೆ, ದೊಡ್ಡದು, ಸಣ್ಣದು, ಒಂದು ಕೆಂಪಗೆ, ಒಂದು ಹಸಿರು. ಈಗ ಟಾರ್ಚ್ ಅಲ್ಲಾಡಿಸದೆ ಹುಡ್ ಹಾಕುತ್ತೇನೆ. ನೋಡಿ, ಬಾವಿ ಬಗ್ಗಿ ನೋಡಿದ ಹಾಗೆ ಕತ್ತಲು. ಟಾರ್ಚ್ ಬೆಳಕೆಲ್ಲ ಹುಡ್‌ನ ಒಳಗೋಡೆಗೆ ಬಿದ್ದು ಅಲ್ಲೇ ಸಾಯುತ್ತಿದೆ. ಅದಕ್ಕೇ ಹುಡ್ ಒಳಮೈ ಮಂಕು ಕಪ್ಪಾಗಿರುತ್ತದೆ, ಸಣ್ಣ ಸಣ್ಣ ಗೀರು ಇರುತ್ತದೆ, ಕೆಲವಕ್ಕೆ ಮಖಮಲ್ಲಿನಂಥ ಬಟ್ಟೆಯನ್ನೇ ಅಂಟಿಸಿರುತ್ತಾರೆ. ಸರಿ, ದೀಪ ಹಾಕಿ.

ಘೋಸ್ಟ್ ಕಂಡರೆ ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ಪ್ರಕಾರ ಅದಕ್ಕಿಂತ ಕೆಟ್ಟದ್ದು ಆ ಬಿಳಿ ಪರದೆ, ಯಾಕೆಂದರೆ ಅದು ಕಾಣುವುದೇ ಇಲ್ಲ. ಫೋಟೋ ಒಟ್ಟಾರೆ ಸಪ್ಪೆ ಇದೆ ಅನಿಸುತ್ತದೆ, ಲೆನ್ಸೇ ಇಷ್ಟು ಅಂದುಕೊಳ್ಳುತ್ತೇವೆ, ಹೊಸ ಲೆನ್ಸ್ ಕೊಳ್ಳಲಿಕ್ಕೆ ಹೊರಡುತ್ತೇವೆ. ಎಡಿಟಿಂಗ್‌ನಲ್ಲಿ ಕಾಂಟ್ರಾಸ್ಟ್ ಎಳೆದರೆ ಸರಿ ಹೋಗುತ್ತೆ ಅನ್ನುವವರೂ ಇದ್ದಾರೆ. ಪರದೆ ಎಲ್ಲ ಕಡೆ ಒಂದೇ ಸಮ ಬಿದ್ದಿರುವುದಿಲ್ಲ, ಸೂರ್ಯನ ಕಡೆಯ ಮೂಲೆಯಲ್ಲಿ ದಪ್ಪ, ಆಚೆ ಮೂಲೆಯಲ್ಲಿ ತೆಳು. ನೆರಳಿನೊಳಗಿನ ಸಣ್ಣ ವಿವರ ಅದರಡಿ ಮುಚ್ಚಿ ಹೋಗಿರುತ್ತದೆ. ಕಪ್ಪನ್ನು ಎಳೆದು ತಂದರೆ ಜೊತೆಗೆ ನಾಯ್ಸ್, ಅಂದರೆ ಮರಳು ಚೆಲ್ಲಿದಂಥ ಚುಕ್ಕಿಗಳು ಕೂಡ ಬರುತ್ತವೆ. ಈ ಪರದೆ, ಬೊಟ್ಟು ಎಲ್ಲ ಸೇರಿ ಫ್ಲೇರ್ ಅನ್ನುತ್ತಾರೆ. ಸಿನಿಮಾದವರು ಬೇಕಂತಲೇ ಫ್ಲೇರ್ ತರಿಸುತ್ತಾರೆ, ಚೆನ್ನಾಗಿಯೂ ಇರುತ್ತದೆ. ಬೇಕಂತ ತರಿಸುವುದು ಬೇರೆ, ಗೊತ್ತಿಲ್ಲದೆ ಬಂದು ಕೂರುವುದು ಬೇರೆ.

ಬಿಸಿಲಿದ್ದಾಗ ಮಾತ್ರ ಹುಡ್ ಅಂತ ತಿಳಿಯಬೇಡಿ. ಮೋಡ ಕವಿದ ದಿನ ಇಡೀ ಆಕಾಶವೇ ಒಂದು ದೊಡ್ಡ ಬಿಳಿ ದೀಪ. ನೀರು, ಮರಳು, ಹಿಮ ಕೆಳಗಿನಿಂದ ಬೆಳಕು ಎರಚುತ್ತವೆ. ರಾತ್ರಿ ಬೀದಿದೀಪ ಫ್ರೇಮಿನ ಹೊರಗೆ ನಿಂತು ತೊಂದರೆ ಕೊಡುತ್ತದೆ. ಆದರೆ ಸೂರ್ಯ ಫ್ರೇಮಿನ ಒಳಗೇ ಇದ್ದರೆ ಹುಡ್ ಏನೂ ಮಾಡಲಾರದು. ಅವನ ಬೆಳಕು ಫೋಟೋ ಬರುವ ದಾರಿಯಲ್ಲೇ ಬರುತ್ತಿರುತ್ತದೆ. ಆಗ ಗಾಜು ಒರೆಸಿಕೊಳ್ಳಿ, ಮುಂದೆ ಫಿಲ್ಟರ್ ಇದ್ದರೆ ಬಿಚ್ಚಿ. ಫಿಲ್ಟರ್ ಅಂದರೆ ಇನ್ನೆರಡು ಮೈ ಜಾಸ್ತಿ ಅಂತ ಲೆಕ್ಕ.

ಈಗ ಇರುವ ಹುಡ್ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಎದುರಿಗೆ ಬಂದು ಲೆನ್ಸಿನ ಮುಂದಿನ ಗಾಜು ನೋಡಿ. ಅದರ ಮೇಲೆ ಎಲ್ಲಾದರೂ ಬಿಸಿಲಿನ ತುಣುಕು ಬಿದ್ದಿದೆಯಾ? ಬಿದ್ದಿದ್ದರೆ ಹುಡ್ ಸಾಲದು. ಟೊಪ್ಪಿಯನ್ನೋ, ಪುಸ್ತಕವನ್ನೋ, ಬರೀ ಅಂಗೈಯನ್ನೋ ಫ್ರೇಮಿಗೆ ಬರದ ಹಾಗೆ ಅಡ್ಡ ಹಿಡಿದು ಆ ತುಣುಕಿನ ಮೇಲೆ ನೆರಳು ಬೀಳಿಸಿ. ದೂರ ನೋಡುವಾಗ ಹಣೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಕಣ್ಣಿಗೆ ಮಾಡುವುದನ್ನು ಲೆನ್ಸಿಗೂ ಮಾಡಬೇಕು, ಅಷ್ಟೇ. ಒಂದು ಫೋಟೋ ಕೈ ಅಡ್ಡ ಹಿಡಿದು, ಒಂದು ಹಿಡಿಯದೆ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ನಾನು ಹೇಳುವುದೇ ಬೇಕಾಗಿಲ್ಲ.

ಆಕಾರದ ವಿಷಯ ಸ್ವಲ್ಪ. ಕೆಲವು ಹುಡ್ ಗುಂಡಗೆ ಡಬ್ಬಿ ಥರ, ಕೆಲವು ಹೂವಿನ ಎಸಳಿನ ಥರ. ಎಸಳು ಅಂದಕ್ಕೆ ಮಾಡಿದ್ದಲ್ಲ. ಸೆನ್ಸರ್ ಚೌಕ ಅಲ್ಲ, ಆಯತ. ಫುಲ್ ಫ್ರೇಮ್ ಆದರೆ 36 ಮಿಮೀ ಅಗಲ, 24 ಮಿಮೀ ಎತ್ತರ. ಇದಕ್ಕೆ 24 ಮಿಮೀ ಫೋಕಲ್ ಲೆಂತ್ ಇರುವ ಲೆನ್ಸ್ (ಈ ಅಂಕೆ ಚಿಕ್ಕದಾದಷ್ಟೂ ಅಗಲಕ್ಕೆ ಕಾಣುತ್ತದೆ) ಹಾಕಿದರೆ ಅಡ್ಡಡ್ಡ ಸುಮಾರು 74 ಡಿಗ್ರಿ ಕಾಣುತ್ತದೆ, ಮೇಲೆ ಕೆಳಗೆ ಸುಮಾರು 53 ಡಿಗ್ರಿ ಮಾತ್ರ, ಮೂಲೆಯಿಂದ ಮೂಲೆಗೆ 84. ಮೇಲೆ ಕೆಳಗೆ ಕಡಿಮೆ ಕಾಣುವುದರಿಂದ ಅಲ್ಲಿ ಹುಡ್ ಉದ್ದ ಇಡಬಹುದು, ಎಡಬಲಕ್ಕೆ ಗಿಡ್ಡ ಮಾಡಬೇಕು, ಮೂಲೆಗಳಲ್ಲಿ ತೀರಾ ಕತ್ತರಿಸಿಬಿಡಬೇಕು. ಹಾಗೆ ಕತ್ತರಿಸಿದಾಗ ಉಳಿದದ್ದೇ ಎಸಳು. ದೊಡ್ಡ ಎಸಳು ಮೇಲೆ ಕೆಳಗೆ, ಸಣ್ಣದು ಎಡಬಲ. ಕ್ಲಿಕ್ ಆಗುವ ತನಕ ತಿರುಗಿಸದೆ ಅರ್ಧಕ್ಕೇ ಬಿಟ್ಟರೆ ಉದ್ದದ ಎಸಳು ಮೂಲೆಗೆ ಬಂದು ಕೂರುತ್ತದೆ, ಫೋಟೋದ ಮೂಲೆಗಳು ಕಪ್ಪಾಗುತ್ತವೆ. ಹಳೆಯ ಕಿಟ್ ಲೆನ್ಸ್‌ಗಳಲ್ಲಿ ಫೋಕಸ್ ಮಾಡುವಾಗ ಮುಂದಿನ ಭಾಗವೇ ಗಿರಗಿರ ತಿರುಗುತ್ತಿತ್ತು. ಅವಕ್ಕೆ ಎಸಳು ಹುಡ್ ಹಾಕಿದರೆ ಎಸಳೂ ತಿರುಗುತ್ತದೆ. ಅವಕ್ಕೆ ಗುಂಡನೆಯದೇ ಸರಿ.

ಝೂಮ್ ಲೆನ್ಸಿನ ಹುಡ್ ಯಾವಾಗಲೂ ಅರೆಬರೆ. 24ರಿಂದ 70 ಮಿಮೀವರೆಗೆ ಝೂಮ್ ಆಗುವ 24-70 ಲೆನ್ಸಿಗೆ ಹುಡ್ ಮಾಡುವವರು 24ರಲ್ಲಿ ಮೂಲೆ ಕಪ್ಪಾಗದಷ್ಟೇ ಉದ್ದ ಇಡಬೇಕು, ಇಲ್ಲದಿದ್ದರೆ ಬೈಸಿಕೊಳ್ಳುತ್ತಾರೆ. 70ಕ್ಕೆ ಹೋದಾಗ ಮೂಲೆಯಿಂದ ಮೂಲೆಗೆ ಕಾಣುವುದು 34 ಡಿಗ್ರಿ ಮಾತ್ರ, ಆಗ ಇದೇ ಹುಡ್ ಮೋಟುದ್ದ ಆಗಿಬಿಡುತ್ತದೆ. 2002ರಲ್ಲಿ ಬಂದ ಕ್ಯಾನನ್ 24-70 ಎಫ್ 2.8 ಲೆನ್ಸಿನಲ್ಲಿ ಇದಕ್ಕೊಂದು ಜಾಣ ಉಪಾಯ ಮಾಡಿದ್ದರು. ಆ ಲೆನ್ಸ್ ವೈಡ್‌ಗೆ, ಅಂದರೆ 24ರ ಕಡೆಗೆ ಹೋದಾಗ ಉದ್ದ ಆಗುತ್ತದೆ, ಟೆಲಿಗೆ, ಅಂದರೆ 70ರ ಕಡೆಗೆ ಬಂದಾಗ ಗಿಡ್ಡ. ಹುಡ್ ಕೂರುವುದು ಒಳಗಿನ ಕೊಳವೆಗಲ್ಲ, ಅಲುಗಾಡದ ಹೊರಮೈಗೆ. ಹಾಗಾಗಿ 70ಕ್ಕೆ ಬಂದಾಗ ಗಾಜು ಹುಡ್‌ನ ಆಳಕ್ಕೆ ಇಳಿದು ಕೂರುತ್ತದೆ, ಆಮೆ ಚಿಪ್ಪಿನೊಳಕ್ಕೆ ತಲೆ ಎಳೆದುಕೊಂಡ ಹಾಗೆ. ಅದನ್ನು ಮೊದಲ ಸಲ ನೋಡಿದಾಗ ಹುಡ್ ಮಾಡಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಬಂತು.

ಫುಲ್ ಫ್ರೇಮ್ ಲೆನ್ಸನ್ನು ಅದಕ್ಕಿಂತ ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಗೆ ಹಾಕಿದವರಿಗೆ ಒಂದು ಮಾತು. ನಿಮ್ಮ ಸೆನ್ಸರ್ ಸಣ್ಣದು, ಕಾಣುವ ಕೋನವೂ ಕಡಿಮೆ. ಜೊತೆಗೆ ಬಂದ ಹುಡ್ ನಿಮಗೆ ಬೇಕಾದ್ದಕ್ಕಿಂತ ಗಿಡ್ಡ. ಇನ್ನೂ ಉದ್ದದ್ದು ಸಿಕ್ಕಿ, ಮೂಲೆ ಕಪ್ಪಾಗದಿದ್ದರೆ ಧಾರಾಳ ಹಾಕಿ.

ಹುಡ್‌ನಿಂದ ಇನ್ನೊಂದು ಲಾಭ ಇದೆ, ನಿಜ ಹೇಳಬೇಕೆಂದರೆ ಬಹಳ ಜನ ಅದನ್ನು ಹಾಕುವುದೇ ಇದಕ್ಕೆ. ಒಮ್ಮೆ ಮೆಟ್ಟಿಲಿಳಿಯುವಾಗ ನನ್ನ ಹೆಗಲ ಪಟ್ಟಿ ಜಾರಿ ಕ್ಯಾಮೆರಾ ಮುಂದಿನ ಮೆಟ್ಟಿಲಿಗೆ ಮೂತಿ ಕೊಟ್ಟು ಬಿತ್ತು. ಹುಡ್‌ನ ಒಂದು ಎಸಳು ಚೂರಾಯಿತು. ಗಾಜಿಗೆ ಒಂದು ಗೀರೂ ಇಲ್ಲ. ಪ್ಲಾಸ್ಟಿಕ್ ಹುಡ್ ಬಗ್ಗುತ್ತದೆ, ಒಡೆಯುತ್ತದೆ, ಏಟೆಲ್ಲ ತಾನು ತಿನ್ನುತ್ತದೆ. ಲೋಹದ ಹುಡ್ ನೋಡಲು ಗಟ್ಟಿಮುಟ್ಟು, ಆದರೆ ಅದು ಏಟನ್ನು ನೇರವಾಗಿ ಲೆನ್ಸಿಗೆ ದಾಟಿಸುತ್ತದೆ. ಫಿಲ್ಟರ್ ಕೂರಿಸುವ ಮರೆಗೆ, ಅಂದರೆ ಸ್ಕ್ರೂ ಥರದ ಸುತ್ತುಗೆರೆಗೆ, ತಿರುಗಿಸಿ ಹಾಕುವ ಲೋಹದ ಹುಡ್ ಆದರೆ ಆ ಮರೆಯೇ ನಜ್ಜಾಗಬಹುದು. ಇನ್ನು ತುಂತುರು ಮಳೆ, ಮರದ ಕೊಂಬೆ, ಮಕ್ಕಳ ಬೆರಳು, ನಾಯಿ ಮೂಗು, ಇವೆಲ್ಲಕ್ಕೂ ಮುಂದೆ ಚಾಚಿಕೊಂಡ ಹುಡ್ ಒಂದು ಗೋಡೆ. ಉಲ್ಟಾ ಹಾಕಿದಾಗ ಈ ಲಾಭವೂ ಇಲ್ಲ. ಗಾಜು ಎಲ್ಲರಿಗಿಂತ ಮುಂದೆ ಎದೆ ಕೊಟ್ಟು ನಿಂತಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ತಿರುಗಿಸಿ ಹಾಕುವುದಿಲ್ಲ? ಸೋಮಾರಿತನ ಅಂತ ನಾನೂ ಅಂದುಕೊಂಡಿದ್ದೆ. ಈಗ ನನಗೆ ಅನಿಸುವುದು, ತಪ್ಪು ಇರುವುದು ಬ್ಯಾಗಿನಲ್ಲಿ. ಹುಡ್ ಮುಂದಕ್ಕೆ ಹಾಕಿದರೆ ಲೆನ್ಸ್ ಉದ್ದ ಆಗುತ್ತದೆ, ಬ್ಯಾಗಿನ ಗೂಡಿಗೆ ಹಿಡಿಸುವುದಿಲ್ಲ. ಹಿಡಿಸುವುದಿಲ್ಲ ಅಂತ ಉಲ್ಟಾ ಹಾಕುತ್ತೇವೆ. ಎದುರಿಗೆ ಏನೋ ಕಂಡಾಗ ಕ್ಯಾಮೆರಾ ಎಳೆದು ತೆಗೆಯುತ್ತೇವೆ, ಆ ಗಡಿಬಿಡಿಯಲ್ಲಿ ಕ್ಯಾಪ್ ತೆಗೆದರೆ ಸಾಕಾಗಿರುತ್ತದೆ, ಹುಡ್ ಬಿಚ್ಚಿ ಮಗುಚಿ ಹಾಕುವಷ್ಟರಲ್ಲಿ ಹಕ್ಕಿ ಹಾರಿ ಹೋಗಿರುತ್ತದೆ. ಸಾಯಲಿ ಅಂತ ಹಾಗೇ ತೆಗೆಯುತ್ತೇವೆ. ಅದೇ ಅಭ್ಯಾಸ ಆಗುತ್ತದೆ.

ನಾನು ಮಾಡಿದ್ದಿಷ್ಟೇ. ಬ್ಯಾಗಿನೊಳಗೆ ವೆಲ್ಕ್ರೋ ಹಾಕಿದ ಮೆತ್ತನೆ ಗೋಡೆಗಳಿರುತ್ತವಲ್ಲ, ಅದರಲ್ಲಿ ಒಂದನ್ನು ನಾಲ್ಕು ಬೆರಳಷ್ಟು ಆಚೆ ಸರಿಸಿದೆ. ಕ್ಯಾಮೆರಾಗೆ ಹಾಕಿದ ಲೆನ್ಸ್ ಈಗ ಹುಡ್ ಮುಂದಕ್ಕೇ ಚಾಚಿಕೊಂಡು ಮಲಗುತ್ತದೆ. ಅದಕ್ಕಾಗಿ ಒಂದು ಲೆನ್ಸ್ ಮನೆಯಲ್ಲಿ ಬಿಡಬೇಕಾಯಿತು. ಆ ಲೆನ್ಸನ್ನು ನಾನು ಸುಮ್ನೆ ಹೊತ್ತು ತಿರುಗುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಕ್ಯಾಮೆರಾ ಎಳೆದರೆ ಹುಡ್ ಸಮೇತ ಬರುತ್ತದೆ, ತಿರುಗಿಸುವ ಮಾತೇ ಇಲ್ಲ. ಬ್ಯಾಗಿನಲ್ಲಿರುವ ಉಳಿದ ಲೆನ್ಸ್‌ಗಳ ಹುಡ್ ಉಲ್ಟಾ ಇರಲಿ, ತೊಂದರೆಯಿಲ್ಲ. ಲೆನ್ಸ್ ಬದಲಿಸುವಾಗ ಹೇಗೂ ಎರಡು ನಿಮಿಷ ಆಗುತ್ತದೆ, ಆಗಲೇ ಹುಡ್ ಕೂಡ ತಿರುಗಿಸಿಬಿಡಿ. ಹೊಸ ಬ್ಯಾಗ್ ಕೊಳ್ಳುವವರು ಹುಡ್ ಮುಂದಕ್ಕೆ ಹಾಕಿದ ಕ್ಯಾಮೆರಾವನ್ನೇ ಅದರೊಳಗೆ ಇಳಿಸಿ ನೋಡಿ ಕೊಳ್ಳಿ.

ಉಲ್ಟಾ ಹಾಕಿದಾಗ ಲೆನ್ಸ್ ದಪ್ಪ ಆಗುತ್ತದೆ ಅನ್ನುವುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಗೂಡು ಬಿಗಿಯಾಗಿದ್ದರೆ ತೆಗೆಯುವಾಗ ಇಡುವಾಗ ಹುಡ್ ಉಜ್ಜಿ ಉಜ್ಜಿ ತಿರುಗಿ ಕಳಚಿಕೊಳ್ಳುತ್ತದೆ. ನಾನು ಒಂದು ಹುಡ್ ಕಳೆದುಕೊಂಡಿದ್ದು ಹಾಗೇ. ಬಸ್ಸಿನಲ್ಲಿ ಕ್ಯಾಮೆರಾ ಹೊರಗೆ ತೆಗೆದೆ, ಹುಡ್ ಬ್ಯಾಗಿನ ಬಾಯಲ್ಲೇ ಉಳಿದಿತ್ತು, ಇಳಿಯುವಾಗ ಎಲ್ಲೋ ಬಿತ್ತು. ಬಸ್ಸು ಹೋದ ಮೇಲೆ ನೆನಪಾಯಿತು. ಇನ್ನೊಂದು ಕಿರಿಕಿರಿ, ಉಲ್ಟಾ ಹುಡ್ ಎಷ್ಟೋ ಲೆನ್ಸಿನಲ್ಲಿ ಝೂಮ್ ರಿಂಗಿನ ಮೇಲೇ ಹೋಗಿ ಕೂರುತ್ತದೆ. ಝೂಮ್ ತಿರುಗಿಸಲು ಹೋದರೆ ಹುಡ್ ತಿರುಗುತ್ತದೆ.

ದೊಡ್ಡ ಟೆಲಿ ಲೆನ್ಸಿನ ಹುಡ್ ಬಕೆಟ್ ಥರ ಇರುತ್ತದೆ, ಒಳಗೆಲ್ಲ ಖಾಲಿ. ಆ ಜಾಗ ಹಾಳು ಮಾಡಬೇಡಿ. ಬಿಡಿಯಾಗಿ ಒಯ್ಯುವಾಗ ಅದರೊಳಗೆ ಸಣ್ಣ ಲೆನ್ಸಿನ ಹುಡ್ ಇಡಿ, ಅದರೊಳಗೆ ಒರೆಸುವ ಬಟ್ಟೆ ಇಡಿ. ಮಧ್ಯೆ ಮೆತ್ತಗೆ ಏನಾದರೂ ಇದ್ದರೆ ಒತ್ತಿ ಸೀಳುವುದಿಲ್ಲ. ಬ್ಯಾಗಿನ ಹೊರಗಡೆ ಕೊಕ್ಕೆಗೆ ನೇತು ಹಾಕಿಕೊಂಡು ಹೋಗುವವರನ್ನು ನೋಡಿದ್ದೇನೆ, ಅವರಿಗೆ ಹುಡ್ ಮೇಲೆ ಏನು ಸಿಟ್ಟೋ ಗೊತ್ತಿಲ್ಲ. ಹುಡ್ ಒಳಗಡೆ ಬಿಳಿ ಸ್ಟಿಕ್ಕರ್ ಮೇಲೆ ಯಾವ ಲೆನ್ಸಿನದು ಅಂತ ಬರೆಯಬೇಡಿ, ಒಳಗೆ ಬಿಳಿ ಇರಬಾರದು. ಹೊರಗಡೆ ಬರೆಯಿರಿ. ಎರಡು ಹುಡ್ ನೋಡಲು ಒಂದೇ ಥರ ಇದ್ದು, ಅದಲು ಬದಲಾಗಿ, ಇಡೀ ದಿನದ ಫೋಟೋದ ಮೂಲೆಗಳು ಕಪ್ಪಾದ ಮೇಲೆ ಈ ಬುದ್ಧಿ ನನಗೆ ಬಂತು.

ನಡೆಯುವಾಗ ನಾನು ಕ್ಯಾಪ್ ಜೇಬಿಗೆ ಹಾಕಿ ಹುಡ್ ಒಂದನ್ನೇ ನಂಬುತ್ತೇನೆ. ಕ್ಯಾಪ್ ಬೇಕೇ ಬೇಕು ಅನ್ನುವವರು ನಡುವೆ ಚಿವುಟುವ ಥರದ್ದು ಇಟ್ಟುಕೊಳ್ಳಿ. ಅಂಚಿನಲ್ಲಿ ಒತ್ತುವ ಹಳೆಯ ಕ್ಯಾಪ್ ಆದರೆ ಹುಡ್ ಒಳಗೆ ಬೆರಳು ತೂರಿಸಿ ಒದ್ದಾಡಬೇಕು. ಲೆನ್ಸನ್ನು ಮೇಜಿನ ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸುವ ಅಭ್ಯಾಸ ಇದ್ದರೆ ಗುಂಡು ಹುಡ್ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಎಸಳು ಹುಡ್ ಮೇಲೆ ಓಲಾಡುತ್ತದೆ.

ಹುಡ್ ಸಿಕ್ಕಿಸುವ ಮರೆಯಲ್ಲಿ ಮರಳು ಸೇರಿದರೆ ಕರಕರ ಅನ್ನುತ್ತದೆ. ಹಳೆಯ ಟೂತ್‌ಬ್ರಶ್ ಸಾಕು, ಎಣ್ಣೆ ಗಿಣ್ಣೆ ಬಿಡಬೇಡಿ. ಸಿಕ್ಕಿಹಾಕಿಕೊಂಡರೆ ಎರಡೇ ಬೆರಳಲ್ಲಿ ಅದುಮಿ ತಿರುಗಿಸಬೇಡಿ, ಬಳೆ ಮೊಟ್ಟೆಯಾಕಾರಕ್ಕೆ ಬಗ್ಗಿ ಇನ್ನೂ ಬಿಗಿಯುತ್ತದೆ. ಸುತ್ತಲೂ ಅಂಗೈ ತುಂಬ ಮೆಲ್ಲಗೆ ಹಿಡಿದು ತಿರುಗಿಸಿ. ಸವೆದು ಸಡಿಲ ಆದ ಹುಡ್‌ಗೆ ಒಂದು ಸಣ್ಣ ಟೇಪ್ ತುಂಡು ಸಾಕು.

ಯಾವಾಗ ಬಿಚ್ಚಬೇಕು? ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲಾಶ್ ಎಬ್ಬಿಸಿದಾಗ ಬಿಚ್ಚಿ, ಇಲ್ಲದಿದ್ದರೆ ಫೋಟೋದ ಕೆಳಗಡೆ ಅರ್ಧಚಂದ್ರದಂಥ ನೆರಳು ಬೀಳುತ್ತದೆ. ಮ್ಯಾಕ್ರೋ ತೆಗೆಯುವಾಗ ಲೆನ್ಸ್ ಹುಳುವಿನ ಮೂಗಿಗೇ ಹೋಗಿರುತ್ತದೆ, ಹುಡ್ ಬೆಳಕಿಗೂ ಅಡ್ಡ, ಹುಳುವಿಗೂ ಭಯ. ಜೋರು ಗಾಳಿಯಲ್ಲಿ ಟ್ರೈಪಾಡ್ ಮೇಲೆ ಉದ್ದ ಲೆನ್ಸ್ ಇಟ್ಟು ನಿಧಾನ ಶಟರ್‌ನಲ್ಲಿ ತೆಗೆಯುವಾಗ ದೊಡ್ಡ ಹುಡ್ ಹಡಗಿನ ಹಾಯಿಯ ಥರ ಗಾಳಿ ಹಿಡಿಯುತ್ತದೆ. ತಿರುಗಿಸಿ ಪ್ರತಿಫಲನ ಕಡಿಮೆ ಮಾಡುವ ಪೋಲರೈಸರ್ ಫಿಲ್ಟರ್ ಹಾಕಿದಾಗಲೂ ಕಷ್ಟ, ಅದನ್ನು ತಿರುಗಿಸಲು ಬೆರಳು ಹೋಗುವುದಿಲ್ಲ. ಕೆಲವು ಹುಡ್‌ಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ಕಿಟಕಿ ಇಟ್ಟಿರುತ್ತಾರೆ. ಇಲ್ಲದವರು ಹುಡ್ ಬಿಚ್ಚಿ, ಫಿಲ್ಟರ್ ಸರಿ ಮಾಡಿಕೊಂಡು, ಮತ್ತೆ ಹಾಕಬೇಕು.

ರಾತ್ರಿ ಆಕಾಶದ ಫೋಟೋ ತೆಗೆಯುವವರು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಗಾಜಿನ ಮೇಲೆ ಇಬ್ಬನಿ ಕೂರುವುದು ತಡವಾಗುತ್ತದೆ. ಅಂದ ಹಾಗೆ, 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕಕ್ಕೂ ಒಂದು ನೆರಳುಗುರಾಣಿ ಇದೆ, ಸುಮಾರು 21 ಮೀಟರ್ ಉದ್ದ, 14 ಮೀಟರ್ ಅಗಲ, ಐದು ಪದರ. ಮುಖ್ಯವಾಗಿ ಉಪಕರಣ ತಣ್ಣಗಿರಲಿ ಅಂತ ಮಾಡಿದ್ದು, ಆದರೂ ಸೂರ್ಯನಿಗೆ ಅಡ್ಡ ಹಿಡಿದದ್ದೇ ಅಲ್ವಾ? ಅದನ್ನೂ ಮಡಚಿಯೇ ಒಯ್ದರು. ಅವರು ಮರೆಯದೆ ಬಿಚ್ಚಿದರು.

ಆಮೇಲೆ ಪ್ರಶ್ನೆಗಳು ಬಂದವು. ಯುವಿ ಫಿಲ್ಟರ್ ಇದ್ದರೆ ಹುಡ್ ಬೇಕಾ ಅಂತ ಒಬ್ಬರು ಕೇಳಿದರು. ಎರಡರಲ್ಲಿ ಒಂದೇ ಅಂದರೆ ನಾನು ಕಣ್ಣು ಮುಚ್ಚಿ ಹುಡ್ ಅನ್ನುತ್ತೇನೆ. ಸಮುದ್ರದ ಉಪ್ಪುನೀರು, ದೂಳಿನ ಗಾಳಿ ಇರುವ ಕಡೆ ಫಿಲ್ಟರ್ ಕೂಡ ಇರಲಿ. ಬೇರೆ ಕಂಪನಿಯ ಹುಡ್ ಆಗುತ್ತದಾ ಅಂತ ಇನ್ನೊಬ್ಬರು. ಆಗುತ್ತದೆ, ಅದು ಗಾಜಲ್ಲ, ಪ್ಲಾಸ್ಟಿಕ್. ನಿಮ್ಮ ಲೆನ್ಸಿಗೆ ಯಾವ ನಂಬರಿನ ಹುಡ್ ಅಂತ ನೋಡಿಕೊಂಡು ಅದೇ ನಂಬರ್ ಕೇಳಿ. ಒಳಮೈ ಮಂಕಾಗಿರಬೇಕು, ಹೊಳೆಯುತ್ತಿದ್ದರೆ ಬೇಡ. ಗಾಜಿನ ಮೂಲಕ ತೆಗೆಯುವಾಗ, ಅಂದರೆ ಮೀನಿನ ತೊಟ್ಟಿ, ಎತ್ತರದ ಕಟ್ಟಡದ ಕಿಟಕಿ, ಇಂಥ ಕಡೆ ಮಡಚುವ ರಬ್ಬರ್ ಹುಡ್ ಬಹಳ ಒಳ್ಳೆಯದು. ಗಾಜಿಗೆ ಒತ್ತಿ ಹಿಡಿದರೆ ಹಿಂದಿನ ದೀಪದ ಪ್ರತಿಬಿಂಬ ಬರುವುದಿಲ್ಲ. ಓಡುತ್ತಿರುವ ಗಾಡಿಯ ಕಿಟಕಿಗೆ ಮಾತ್ರ ಒತ್ತಬೇಡಿ, ನಡುಕವೆಲ್ಲ ಕ್ಯಾಮೆರಾಗೆ ಬರುತ್ತದೆ. ಮೊಬೈಲ್‌ಗೆ ಏನು ಮಾಡೋದು ಅಂತ ಹಿಂದಿನ ಸಾಲಿನ ಹುಡುಗಿ ಕೇಳಿದಳು. ಮೊದಲು ಅದರ ಗಾಜಿನ ಮೇಲಿನ ಬೆರಳ ಜಿಡ್ಡು ಒರೆಸಮ್ಮ, ಆಮೇಲೆ ಇನ್ನೊಂದು ಕೈ ಅಡ್ಡ ಹಿಡಿ ಅಂದೆ.

ಎಲ್ಲ ಮುಗಿದು ವೈರು ಸುತ್ತುತ್ತಿದ್ದಾಗ ಬಾಕ್ಸಿನ ಹುಡ್‌ನವರು ಹತ್ತಿರ ಬಂದರು. ಬಾಕ್ಸ್ ಬ್ಯಾಗಿನಲ್ಲೇ ಇತ್ತಂತೆ, ಹುಡ್ ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಚೀಲ ಹರಿದು, ಲೆನ್ಸಿನ ಮೇಲಿನ ಚುಕ್ಕಿಗೆ ಹುಡ್ ಮೇಲಿನ ಚುಕ್ಕಿ ಸೇರಿಸಿ ತಿರುಗಿಸಿದರು. ಎಲ್ಲಿ ಮುರಿದುಹೋಗುತ್ತೋ ಅಂತ ಹೆದರಿ ನಡುವೆಯೇ ನಿಲ್ಲಿಸಿದರು. ದೊಡ್ಡ ಎಸಳು ಇನ್ನೂ ಓರೆಯಾಗಿ ಮೂಲೆಯ ಕಡೆ ನೋಡುತ್ತಿತ್ತು. “ಇನ್ನೂ ಸ್ವಲ್ಪ, ಸದ್ದು ಬರಬೇಕು” ಅಂದೆ.

ಟಕ್ ಅಂತು.